ಮುಂಗೈ ಅಪಧಮನಿಗೆ ಕ್ಯಾತಿಟರ್ ಹಾಕಲು ಕಿರು ಅಲ್ಟ್ರಾಸೌಂಡ್ ಪ್ರೋಬ್: ಬಳಸಿ ಕಂಡದ್ದು

ತೀವ್ರ ನಿಗಾ ಘಟಕದಲ್ಲಿ ರೇಡಿಯಲ್ ಅಪಧಮನಿಗೆ (ಮುಂಗೈಯಲ್ಲಿ ಹೆಬ್ಬೆರಳಿನ ಬದಿಗಿರುವ, ನಾಡಿ ನೋಡುವ ರಕ್ತನಾಳ) ಕ್ಯಾತಿಟರ್ (ತೆಳುವಾದ ಕೊಳವೆ) ಹಾಕಲು ನಾನು ಕೆಲವು ತಿಂಗಳಿಂದ ಬಳಸುತ್ತಿರುವ ಈ ಪುಟ್ಟ ಲೀನಿಯರ್ ಪ್ರೋಬ್‌ನ (ಚರ್ಮದ ಮೇಲಿಟ್ಟು ಒಳಗಿನ ಚಿತ್ರ ನೋಡುವ, ನೇರ ಅಂಚಿನ ಅಲ್ಟ್ರಾಸೌಂಡ್ ಸಾಧನ) ದೊಡ್ಡ ಗುಣವೆಂದರೆ ಚಿತ್ರದ ಸ್ಪಷ್ಟತೆ. ಸುಮಾರು 2ರಿಂದ 3 ಮಿಲಿಮೀಟರ್ ವ್ಯಾಸದ, ಚರ್ಮದ ಕೆಳಗೇ ಇರುವ ನಾಳವನ್ನು ನೋಡಲು ಹೆಚ್ಚಿನ ಆವರ್ತನ ಬೇಕು, ಇದರಲ್ಲಿ ಅದಿದೆ. ಮೆಲ್ಲಗೆ ಒತ್ತಿದಾಗ ಅಭಿಧಮನಿಗಳು ಚಪ್ಪಟೆಯಾಗಿ, ಅಪಧಮನಿ ಮಾತ್ರ ಮಿಡಿಯುತ್ತ ಉಳಿಯುವುದು ನಿಚ್ಚಳವಾಗಿ ಕಾಣುತ್ತದೆ.

ಇದರ ನಿಜವಾದ ಬೆಲೆ ತಿಳಿಯುವುದು ರಕ್ತದೊತ್ತಡ ಕುಸಿದು ನಾಡಿ ಬೆರಳಿಗೆ ಸಿಗದ ರೋಗಿಯಲ್ಲಿ. ನಾಳವನ್ನು ಅಡ್ಡಲಾಗಿ ಕೊಯ್ದಂತೆ ತೋರಿಸುವ ಅಡ್ಡನೋಟದಲ್ಲಿ ಸೂಜಿಯ ತುದಿ ಬಿಳಿ ಚುಕ್ಕೆಯಾಗಿ ಕಂಡೊಡನೆ ಪ್ರೋಬನ್ನು ಚುಕ್ಕೆ ಮರೆಯಾಗುವಷ್ಟು ಮುಂದೆ ಸರಿಸಿ, ಅದು ಮತ್ತೆ ಕಾಣುವವರೆಗೆ ಸೂಜಿಯನ್ನು ಮುಂದೂಡಿ, ಹೀಗೆ ಹಂತಹಂತವಾಗಿ ತುದಿಯನ್ನು ನಾಳದ ನಡುವಿಗೆ ಒಯ್ದು, ಅದರೊಳಗೂ ಕೆಲವು ಮಿಲಿಮೀಟರ್ ಸಾಗಿಸಿದ ನಂತರವೇ ನಾನು ಕ್ಯಾತಿಟರನ್ನು ಜಾರಿಸುತ್ತೇನೆ. ಸೂಜಿಯ ನಡುಭಾಗವೂ ಚುಕ್ಕೆಯಂತೆಯೇ ಕಾಣುವುದರಿಂದ, ತುದಿ ಹಿಂಗೋಡೆಯನ್ನು ದಾಟಿಹೋದರೂ ಗೊತ್ತಾಗದಿರಬಹುದು. ಈ ತಾಳ್ಮೆ ಅನಿವಾರ್ಯ.

ಕೊರತೆಗಳೂ ಇವೆ. ಸ್ಟೆರೈಲ್ ಕವರ್ ಹಾಕಿದ ಮೇಲೆ ಪ್ರೋಬ್‌ನ ಮಧ್ಯದ ಗುರುತು ಮಸುಕಾಗುತ್ತದೆ. ಅದಕ್ಕಿಂತ ನನ್ನನ್ನು ಕಾಡುವುದು, ಚಾರ್ಜ್ ಕಡಿಮೆಯಾದಾಗ ಚಿತ್ರ ಕ್ಷಣಕಾಲ ತಡವಾಗಿ ಬರುವುದು. ಸೂಜಿ ಚಲಿಸುತ್ತಿರುವಾಗ ಅಷ್ಟು ವಿಳಂಬವನ್ನೂ ನಾನು ಒಪ್ಪಲಾರೆ, ಆದ್ದರಿಂದ ಪೂರ್ತಿ ಚಾರ್ಜ್ ಆಗದ ಹೊರತು ಇದನ್ನು ರೋಗಿಯ ಬಳಿಗೆ ಒಯ್ಯುವುದಿಲ್ಲ.