ಮ್ಯಾಗ್ನೆಟ್ ಡ್ರೈನ್ ಬೋಲ್ಟ್ ಹಾಕಿಸುವ ಮುಂಚೆ ಇದನ್ನೊಮ್ಮೆ ಓದಿ

ಆನ್‌ಲೈನ್‌ನಲ್ಲಿ 349 ರೂಪಾಯಿಗೆ ತರಿಸಿದ ಒಂದು ಬೋಲ್ಟಿನಿಂದ ನನ್ನ ಕಾರಿನ ಇಂಜಿನ್ನೇ ಹೋಗುವುದರಲ್ಲಿತ್ತು. ನಮ್ಮ ಕೊಡಗಿನಲ್ಲಿ ಇದನ್ನು ಹಾಕಿಸಬೇಕು ಅಂತ ವಿಚಾರಿಸುವವರು ನನಗೇ ನಾಲ್ಕೈದು ಜನ ಸಿಕ್ಕಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಇಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ಚೇಂಬರ್ ಇರುತ್ತದಲ್ವಾ, ಹಳೆ ಆಯಿಲ್ ಇಳಿಸಲು ಅದರಲ್ಲಿ ಬಿಚ್ಚುವುದೇ ಡ್ರೈನ್ ಬೋಲ್ಟ್. ಅದರ ತುದಿಗೆ ಮ್ಯಾಗ್ನೆಟ್ ಕೂರಿಸಿದ್ದರೆ ಆಯಿಲ್ ಜೊತೆ ಸುತ್ತುವ ಕಬ್ಬಿಣದ ಸಣ್ಣ ಪುಡಿ ಅಲ್ಲಿ ಅಂಟಿಕೊಳ್ಳುತ್ತದೆ. ಯೋಚನೆಯೇನೋ ಒಳ್ಳೆಯದೇ. ಮಾವನ ತೋಟದ ಜೀಪಿನ ಡಿಫರೆನ್ಷಿಯಲ್‌ನಲ್ಲಿ (ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಇಂಥದ್ದೇ ಬೋಲ್ಟ್ ಇದೆ. ಬಿಚ್ಚಿದಾಗಲೆಲ್ಲ ತುದಿಯಲ್ಲಿ ಕಾಡಿಗೆಯಂಥ ಪೇಸ್ಟ್ ಇರುತ್ತದೆ, ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕುತ್ತಾರೆ. ಅದನ್ನು ನೋಡಿಯೇ ನನ್ನ ಕಾರಿಗೂ ಇರಲಿ ಅನ್ನಿಸಿದ್ದು. ಕಾರಿಗೆ 11 ವರ್ಷ, ಇನ್ನೂ ನಾಲ್ಕೈದು ವರ್ಷ ಓಡಬೇಕು ಅನ್ನುವ ಆಸೆ.

ಜೂನ್ ಕೊನೆಯಲ್ಲಿ ಆಯಿಲ್ ಬದಲಿಸುವಾಗ ಗ್ಯಾರೇಜಿನ ಹುಡುಗನ ಕೈಗೆ ಹೊಸ ಬೋಲ್ಟ್ ಕೊಟ್ಟೆ. ಎರಡು ಸುತ್ತು ಕೈಯಲ್ಲೇ ಸಲೀಸಾಗಿ ಹೋಯಿತು. ಮೂರನೆಯದಕ್ಕೆ ಗಟ್ಟಿಯಾಯಿತು. "ಹೊಸದಲ್ವಾ ಅಣ್ಣ, ಸ್ವಲ್ಪ ಟೈಟ್ ಇರುತ್ತೆ" ಅಂತ ಸ್ಪ್ಯಾನರ್ ಹಾಕಿದ. ನಾನು ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದೆ, ಬೇಡ ಅನ್ನಲಿಲ್ಲ. ಅವನನ್ನು ದೂರುವುದಿಲ್ಲ, ಬೋಲ್ಟ್ ತಂದುಕೊಟ್ಟವನು ನಾನು.

ಆಮೇಲೆ ಕಕ್ಕಡ ತಿಂಗಳ ಜೋರು ಮಳೆ ಹಿಡಿಯಿತು. ಬೇಸಿಗೆಯಾಗಿದ್ದರೆ ಕಣದ ಮೇಲೆ ಒಂದು ತೊಟ್ಟು ಆಯಿಲ್ ಬಿದ್ದರೂ ಕಾಣುತ್ತಿತ್ತು. ಮಳೆಗಾಲದಲ್ಲಿ ಎಲ್ಲಿ ಕಾಣಬೇಕು? ಅಂಗಳವೆಲ್ಲ ನೀರು. ಒಂದು ಬೆಳಿಗ್ಗೆ ಕಾರು ತೆಗೆದ ಜಾಗದಲ್ಲಿ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳುವಾದ ಪೊರೆ ಹರಿದು ಹೋಗುತ್ತಿತ್ತು. ಸರ್ವಿಸ್ ಮಾಡುವಾಗ ಅಡಿಗೆ ಮೆತ್ತಿದ ಆಯಿಲ್ ಇರಬೇಕು ಅಂದುಕೊಂಡೆ. ಅವತ್ತೇ ಬಾನೆಟ್ ಎತ್ತಿ ಆಯಿಲ್ ಮಟ್ಟ ನೋಡುವ ಕಡ್ಡಿ ಎಳೆದು ನೋಡಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಸರಿಯಾಗಿ ಮೂರು ವಾರಕ್ಕೆ, ಅವ್ವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಮಡಿಕೇರಿಗೆ ಹೊರಟಿದ್ದೆ. ಬೇತ್ರಿ ಸೇತುವೆ ದಾಟಿ ಮೂರ್ನಾಡು ಕಡೆ ಹೋಗುವಾಗ ಒಂದು ತಿರುವಿನಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಕ್ಯಾನಿನ ಚಿತ್ರದ ಕೆಂಪು ದೀಪ ಮಿಂಚಿ ಮಾಯವಾಯಿತು. ಮುಂದಿನ ತಿರುವಿನಲ್ಲಿ ಮತ್ತೆ. ವೈರಿಂಗ್‌ಗೆ ನೀರು ಹೋಗಿರಬೇಕು ಅಂತ ಇನ್ನೂ ಸ್ವಲ್ಪ ದೂರ ಓಡಿಸಿದೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಆಯಿಲ್ ಕಮ್ಮಿಯಾದಾಗ ತಿರುವಿನಲ್ಲಿ ಇರುವಷ್ಟೂ ಒಂದು ಬದಿಗೆ ಸರಿದು, ಪಂಪ್ ಗಾಳಿ ಎಳೆಯುತ್ತದೆ. ಅದಕ್ಕೇ ದೀಪ ತಿರುವಿನಲ್ಲಿ ಮಾತ್ರ ಹತ್ತಿದ್ದು. ಕೊನೆಗೆ ದೀಪ ಹತ್ತಿ ಹಾಗೇ ನಿಂತಿತು. ಇಂಜಿನ್ನಿನ ಮೇಲಿಂದ ಟಿಕ್ ಟಿಕ್ ಅಂತ ಒಣ ಸದ್ದು. ತಕ್ಷಣ ಬದಿಗೆ ಹಾಕಿ ಆಫ್ ಮಾಡಿದೆ. ಕಡ್ಡಿಯ ತುದಿಯಲ್ಲಿ ಒಂದು ತೊಟ್ಟೂ ಇರಲಿಲ್ಲ. ಆ ಮಳೆಯಲ್ಲಿ ಅವ್ವ ಒಂದೂವರೆ ಗಂಟೆ ಕಾರಿನೊಳಗೆ ಕೂತಿದ್ದರು, ಗಾಜೆಲ್ಲ ಮಂಜು ಕಟ್ಟಿತ್ತು. ಅವತ್ತು ಡಾಕ್ಟರು ಸಿಗಲಿಲ್ಲ.

ಕಾರನ್ನು ಎಳೆಸಿಕೊಂಡು ಹೋದ ಗ್ಯಾರೇಜಿನಲ್ಲಿ ಹಿರಿಯ ಮೆಕ್ಯಾನಿಕ್ ಒಬ್ಬರು ಬೋಲ್ಟ್ ಬಿಚ್ಚಿ ನನ್ನ ಅಂಗೈ ಮೇಲೆ ಇಟ್ಟರು. ಥ್ರೆಡ್ ಸಂದಿಯಲ್ಲೆಲ್ಲ ಬೆಳ್ಳಿ ಎಳೆಯಂತೆ ಅಲ್ಯೂಮಿನಿಯಂ ಸುತ್ತಿಕೊಂಡಿತ್ತು. ಅದು ಚೇಂಬರಿನ ಥ್ರೆಡ್, ಪೂರ್ತಿ ಕಿತ್ತು ಬಂದಿತ್ತು. ನನ್ನ ಕಾರಿಗೆ ಬೇಕಾದದ್ದು 14 ಮಿ.ಮೀ. ಬೋಲ್ಟ್, 1.5 ಪಿಚ್ (ಅಂದರೆ ಥ್ರೆಡ್ಡಿನ ಒಂದು ಹಲ್ಲಿಂದ ಇನ್ನೊಂದಕ್ಕೆ 1.5 ಮಿ.ಮೀ. ಅಂತರ). ಬಂದದ್ದೂ 14 ಮಿ.ಮೀ.ದೇ, ಆದರೆ ಪಿಚ್ 1.25. ದಪ್ಪ ಒಂದೇ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡು ಸುತ್ತು ಕೂರುತ್ತದೆ, ಆಮೇಲೆ ಅಲ್ಯೂಮಿನಿಯಂ ಅನ್ನು ಕೊರೆದುಕೊಂಡು ಹೋಗುತ್ತದೆ. ಪ್ಯಾಕೆಟ್ ಮೇಲೆ 'ಎಲ್ಲ ಕಾರುಗಳಿಗೆ' ಅಂತ ಇತ್ತು. ಎಲ್ಲ ಕಾರಿಗೂ ಆಗುವ ಡ್ರೈನ್ ಬೋಲ್ಟ್ ಅನ್ನುವುದು ಇಲ್ಲವೇ ಇಲ್ಲ.

ನನಗೆ ನಿಜವಾಗಿ ಭಯವಾದದ್ದು ಆಮೇಲೆ. ಬೋಲ್ಟಿನ ತುದಿ ಖಾಲಿ! ಮ್ಯಾಗ್ನೆಟ್ ಇರಬೇಕಾದ ಕುಳಿಯಲ್ಲಿ ಹಳದಿ ಅಂಟು ಮಾತ್ರ ಉಳಿದಿತ್ತು. ಚೇಂಬರ್ ಇಳಿಸಿದಾಗ ಮ್ಯಾಗ್ನೆಟ್ ಎರಡು ತುಂಡಾಗಿ, ಪಂಪ್ ಆಯಿಲ್ ಎಳೆಯುವ ಸ್ಟ್ರೈನರ್ ಜಾಲರಿಗೇ ಕಚ್ಚಿಕೊಂಡಿತ್ತು. ಮೈಮೇಲೆ ಬೂದು ಬಣ್ಣದ ಪುಡಿ, ಮುಳ್ಳುಹಂದಿಯ ಹಾಗೆ ಎದ್ದು ನಿಂತಿತ್ತು. ಹಿಡಿದಿಟ್ಟ ಕಬ್ಬಿಣವನ್ನೆಲ್ಲ ಅದು ತಂದು ಸುರಿದದ್ದು ಇಂಜಿನ್ ಉಸಿರಾಡುವ ಬಾಯಿಗೇ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಮ್ಯಾಗ್ನೆಟ್ಟು ಸುಮಾರು 80 ಡಿಗ್ರಿಯ ಮೇಲೆ ಶಕ್ತಿ ಕಳೆದುಕೊಳ್ಳಲು ಶುರುಮಾಡುತ್ತದೆ. ಏರು ಹತ್ತುವ ಇಂಜಿನ್ನಿನ ಆಯಿಲ್ 100 ಡಿಗ್ರಿ ಮುಟ್ಟುವುದು ಮಾಮೂಲು. ಬರೀ ಅಂಟಿನಲ್ಲಿ ನಿಲ್ಲಿಸಿದ್ದು ಆ ಬಿಸಿಗೆ ಎಷ್ಟು ದಿನ ತಡೆದೀತು?

ಹೊಸ ಚೇಂಬರ್, ಸ್ಟ್ರೈನರ್, ಆಯಿಲ್, ಫಿಲ್ಟರ್, ಕಾರು ಎಳೆಸಿದ್ದು, ಕೂಲಿ ಎಲ್ಲ ಸೇರಿ 14,600 ರೂಪಾಯಿ ಆಯಿತು. ಬೇರಿಂಗ್ ಉಳಿದಿದೆ ಅಂದರು. ಅದೊಂದು ಸಮಾಧಾನ.

ಮ್ಯಾಗ್ನೆಟ್ಟೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮ್ಯಾನುಯಲ್ ಗೇರ್‌ಬಾಕ್ಸ್‌ಗೆ, ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಫಿಲ್ಟರ್ ಇರುವುದಿಲ್ಲ, ಅಲ್ಲಿ ಕಂಪನಿಯವರೇ ಎಷ್ಟೋ ಗಾಡಿಗಳಿಗೆ ಕೊಟ್ಟಿರುತ್ತಾರೆ. ಇಂಜಿನ್ನಿಗೆ ಫಿಲ್ಟರ್ ಇದೆ. ಜೊತೆಗೆ ಪಿಸ್ಟನ್ನಿನ ಅಲ್ಯೂಮಿನಿಯಂ, ಬೇರಿಂಗಿನ ತಾಮ್ರ, ತವರ ಯಾವುದೂ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಬೋಲ್ಟ್ ತುದಿ ಸ್ವಚ್ಛವಾಗಿದೆ ಅಂತ ಇಂಜಿನ್ ಚೆನ್ನಾಗಿದೆ ಅಂದುಕೊಳ್ಳುವ ಹಾಗಿಲ್ಲ. ಅಷ್ಟು ದುಡ್ಡಿಗೆ ಒಳ್ಳೆಯ ಫಿಲ್ಟರ್ ಹಾಕಿಸಿ, ಆಯಿಲನ್ನು ಸ್ವಲ್ಪ ಬೇಗ ಬದಲಿಸುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಹಾಕಿಸಲೇಬೇಕು ಅಂದರೆ ಹಳೆ ಬೋಲ್ಟ್ ಕೈಯಲ್ಲಿ ಹಿಡಿದು, ಹೊಸದರ ಥ್ರೆಡ್ ಜೊತೆ ಹಲ್ಲಿಗೆ ಹಲ್ಲು ಕೂರಿಸಿ ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕು ಕಂಡರೆ ಬೇಡ. ಉದ್ದವೂ ಹೆಚ್ಚು ಕಮ್ಮಿ ಇರಬಾರದು. ಕೊನೆಯವರೆಗೂ ಬೆರಳಲ್ಲೇ ತಿರುಗಬೇಕು, ಸ್ಪ್ಯಾನರ್ ಕೊನೆಯ ಬಿಗಿತಕ್ಕೆ ಮಾತ್ರ. ನನ್ನ ಕಾರಿಗೆ ಅದು 35 ನ್ಯೂಟನ್ ಮೀಟರ್. ವಾಷರ್ ಪ್ರತಿ ಸಲ ಹೊಸದು.

ಈಗಾಗಲೇ ಹಾಕಿಸಿದವರು ಇವತ್ತು ರಾತ್ರಿ ಕಾರನ್ನು ಶೆಡ್ಡಿನೊಳಗೆ ನಿಲ್ಲಿಸಿ, ಇಂಜಿನ್ ಕೆಳಗೆ ಒಂದು ಒಣ ರಟ್ಟು ಹಾಸಿಡಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ರಟ್ಟು ನೋಡಿ, ಕಡ್ಡಿ ಎಳೆದು ನೋಡಿ. ತೊಟ್ಟು ಬಿದ್ದಿದ್ದರೆ ನೀವೇ ಬೋಲ್ಟ್ ಬಿಗಿ ಮಾಡಲು ಹೋಗಬೇಡಿ. ಥ್ರೆಡ್ ಹೋಗಿದ್ದರೆ ಅದು ಇನ್ನಷ್ಟು ಕಿತ್ತು ಬರುತ್ತದೆ. ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.