ಫ್ಯಾನ್ ಆರ್ಟ್ ಮಾರುವ ಮುಂಚೆ ಇದನ್ನೊಮ್ಮೆ ಓದಿ

ಕಳೆದ ತಿಂಗಳು ಒಂದು ಭಾನುವಾರ ಸಂಜೆ ನಾನೂ ಅಮ್ಮನೂ ಹಾಲ್‌ನಲ್ಲಿ ಹಳೇ ಪೇಪರ್ ಹಾಸಿಕೊಂಡು ಕೂತು 412 ಸ್ಟಿಕ್ಕರ್‌ಗಳನ್ನು ಕತ್ತರಿಸಿ ಹಾಕಿದೆವು. ಎಲ್ಲವೂ ಫ್ಯಾನ್ ಆರ್ಟ್, ಅಂದರೆ ಬೇರೆಯವರು ಸೃಷ್ಟಿಸಿದ ಪಾತ್ರವನ್ನು ಅಭಿಮಾನದಿಂದ ನಾನೇ ಬರೆದ ಚಿತ್ರಗಳು. ತಮ್ಮ ಅದನ್ನು ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದ. ಸ್ಟಾಕ್ ನಾಶ ಮಾಡಿದ್ದಕ್ಕೆ ಸಾಕ್ಷಿ ಕಳಿಸಬೇಕು ಎಂದು ಆ ಪಾತ್ರದ ಹಕ್ಕುದಾರರ ವಕೀಲರ ನೋಟಿಸಿನಲ್ಲಿ ಬರೆದಿತ್ತು. ವಿನೈಲ್ ಸ್ಟಿಕ್ಕರ್ ಸುಲಭಕ್ಕೆ ಕತ್ತರಿಸಲು ಬರುವುದಿಲ್ಲ. ಹಿಂದಿನ ಅಂಟು ಕತ್ತರಿಗೆ ಮೆತ್ತಿಕೊಳ್ಳುತ್ತದೆ. ಹತ್ತು ಹಾಳೆಗೊಂದು ಸಲ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿಕೊಳ್ಳಬೇಕಿತ್ತು. "ಇಷ್ಟು ಚೆನ್ನಾಗಿ ಬರ್ದಿದೀಯಲ್ಲ ಪುಟ್ಟಿ, ಇದ್ರಲ್ಲಿ ತಪ್ಪೇನಿದೆ?" ಎಂದು ಅಮ್ಮ ಕೇಳಿದಳು. ಕಣ್ಣಲ್ಲಿ ನೀರು ತಡೆದುಕೊಂಡು ಕತ್ತರಿಸುತ್ತಿದ್ದೆ, ಉತ್ತರ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಚಿತ್ರ ಬರೆದು ಮಾರುವ ಹುಡುಗ ಹುಡುಗಿಯರು ತುಂಬ ಜನ ಇದ್ದೀರಿ. ನಿಮಗೆ ಹೀಗಾಗುವುದು ಬೇಡ.

ನಾನು ಮೈಸೂರಿನವಳು. ಹಗಲು ಒಂದು ಆಫೀಸಿನಲ್ಲಿ ಅಕೌಂಟ್ಸ್ ಕೆಲಸ, ರಾತ್ರಿ ಊಟ ಆದ ಮೇಲೆ ಟ್ಯಾಬ್‌ನಲ್ಲಿ ಚಿತ್ರ. ವಿದೇಶದವರೂ ಕೊಳ್ಳುವ ಒಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಮೂರು ವರ್ಷದ ಹಿಂದೆ ಅಂಗಡಿ ತೆರೆದೆ. ಮೊದಲು ಇಟ್ಟಿದ್ದೆಲ್ಲ ನನ್ನ ಸ್ವಂತದ್ದೇ: ಹುಲಿವೇಷ ಹಾಕಿದ ಬೆಕ್ಕು, ದಸರಾ ಗೊಂಬೆಗಳ ಸಾಲು, ಮಲ್ಲಿಗೆ ಮಾಲೆ ಎಳೆದು ತಿನ್ನುವ ಆನೆಮರಿ. ವ್ಯಾಪಾರ ನಿಧಾನ, ಆದರೆ ನಡೆಯುತ್ತಿತ್ತು.

ಆಮೇಲೆ ಬೆಂಗಳೂರಿನಲ್ಲಿ ಒಂದು ವಾರಾಂತ್ಯದ ಮೇಳದಲ್ಲಿ ಸ್ಟಾಲ್ ಹಾಕಿದೆ. ಇಡೀ ದಿನ ನಿಂತರೂ ಬೆಕ್ಕಿನ ಸ್ಟಿಕ್ಕರ್ ಹೋಗಿದ್ದು ಹನ್ನೊಂದು. ಪಕ್ಕದ ಹುಡುಗ ಅನಿಮೆ (ಜಪಾನಿನ ಕಾರ್ಟೂನ್) ಪಾತ್ರಗಳ ಅಕ್ರಿಲಿಕ್ ಕೀಚೈನ್ ತಂದಿದ್ದ, ಮಧ್ಯಾಹ್ನದ ಊಟದ ಹೊತ್ತಿಗೆ ಅವನ ಟೇಬಲ್ ಖಾಲಿ. ಅವತ್ತು ರಾತ್ರಿ ರೈಲಿನಲ್ಲಿ ವಾಪಸ್ ಬರುವಾಗಲೇ ನಾನು ಒಂದು ಜಪಾನಿ ಅನಿಮೆಯ ಹುಡುಗನ ಚಿತ್ರ ಶುರು ಮಾಡಿದೆ. ಯಾವ ಪಾತ್ರ ಎಂದು ಹೇಳುವುದಿಲ್ಲ. ಡಿಗ್ರಿ ಓದುವಾಗ ಮೂರು ವರ್ಷ ಜೊತೆಗಿದ್ದ ಪಾತ್ರ ಅದು. ಪ್ರೀತಿಯಿಂದಲೇ ಬರೆದೆ. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಪ್ರಿಂಟ್ ಹಾಕಿಸುವಾಗ "ಇದು ಪರವಾಗಿಲ್ವಾ ಅಣ್ಣ?" ಎಂದು ಕೇಳಿದ್ದೆ. "ಎಲ್ಲರೂ ಹಾಕಿಸ್ಕೊಂಡು ಹೋಗ್ತಾರೆ ಮೇಡಂ" ಅಂದರು ಪ್ರಿಂಟ್ ಹಾಕುವವರು. ನಾನೂ ಅಷ್ಟಕ್ಕೇ ಸುಮ್ಮನಾದೆ.

ಹದಿನಾಲ್ಕು ತಿಂಗಳು ಚೆನ್ನಾಗಿ ಹೋಯಿತು. ಆಮೇಲೆ ಒಂದು ಬೆಳಿಗ್ಗೆ ಮೇಲ್ ಬಂತು, ಹಕ್ಕುದಾರರ ದೂರಿನ ಮೇಲೆ ಮೂರು ಡಿಸೈನ್ ತೆಗೆದುಹಾಕಲಾಗಿದೆ ಎಂದು. ಇಲ್ಲಿ ನಾನು ಮಾಡಿದ ತಪ್ಪನ್ನು ದಯವಿಟ್ಟು ಗಮನಿಸಿ. ಗೆಳೆಯರು ಹೇಳಿದಂತೆ ಪಾತ್ರದ ಹೆಸರು ತೆಗೆದು "ನೀಲಿ ಕೂದಲ ಹುಡುಗ" ಎಂದು ಹಾಕಿದೆ, ಅಂಗಿಯ ಬಣ್ಣ ಬದಲಾಯಿಸಿದೆ, ಕೆಳಗೆ "ಇದು ಅಧಿಕೃತ ಅಲ್ಲ, ಅಭಿಮಾನಿಯ ಚಿತ್ರ" ಎಂದು ಬರೆದು ಮತ್ತೆ ಏರಿಸಿದೆ. ಆರು ವಾರಕ್ಕೆ ಇಡೀ ಅಂಗಡಿ ಮುಚ್ಚಿಸಿದರು. ನನಗೆ ಬರಬೇಕಿದ್ದ 38,600 ರೂಪಾಯಿ ತಡೆಹಿಡಿದರು. ಹತ್ತು ದಿನಕ್ಕೆ ದೆಹಲಿಯ ವಕೀಲರ ನೋಟಿಸ್ ಬಂತು.

ಅಪ್ಪನ ಸ್ನೇಹಿತರೊಬ್ಬರು ವಕೀಲರು. ನೋಟಿಸ್ ಓದಿ ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ, "ಮೊದಲನೇ ಮೇಲ್ ಬಂದ ಮೇಲೂ ಹಾಕಿದ್ಯಾ?" ಹೌದು ಅಂದೆ. "ಅದೇ ನೋಡಮ್ಮ ತೊಂದರೆ. ಅಲ್ಲಿವರೆಗೆ ಗೊತ್ತಿರ್ಲಿಲ್ಲ ಅನ್ನಬಹುದಿತ್ತು. ಹೆಸರು ಬದಲಾಯಿಸಿ ಮತ್ತೆ ಹಾಕಿದ್ಮೇಲೆ, ಗೊತ್ತಿದ್ದೇ ಮಾಡ್ದೆ ಅಂತ ನೀನೇ ಬರ್ದು ಕೊಟ್ಟಂಗಾಯ್ತು."

1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 63ನೇ ಸೆಕ್ಷನ್ ಶಿಕ್ಷೆ ಹೇಳುವುದು ತಿಳಿದೂ ಉಲ್ಲಂಘಿಸಿದವರಿಗೆ. 6 ತಿಂಗಳಿನಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಮಾಡಿದ್ದಲ್ಲ ಎಂದಾದರೆ ಕೋರ್ಟು ಇದನ್ನು ಕಡಿಮೆ ಮಾಡಬಹುದು. ಆದರೆ ನಾನು ದುಡ್ಡು ತಗೊಂಡಿದ್ದೆ. ಇದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧ ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸ್ಟಿಕ್ಕರ್ ಮಾರುವ ಪ್ರತಿಯೊಬ್ಬರನ್ನೂ ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ ಎಂದು ಹೆದರಿಸುತ್ತಿಲ್ಲ. ಆದರೆ ಸಣ್ಣ ವಿಷಯ, ಏನಾಗಲ್ಲ ಬಿಡು ಎಂದು ಹೇಳುವವರು ಈ ಸೆಕ್ಷನ್ ಓದಿಲ್ಲ.

"ಕೈಯಲ್ಲಿ ಬರೆದಿದ್ದು ನಾನು ತಾನೇ?" ಎಂದು ನಾನೂ ಕೇಳಿದೆ. ಗೆರೆ ನನ್ನದು ನಿಜ. ಪಾತ್ರ ಬೇರೆಯವರದು. ಅದನ್ನು ಪ್ರತಿ ಮಾಡುವ, ಬೇರೆ ರೂಪಕ್ಕೆ ತರುವ, ಜನರಿಗೆ ಮುಟ್ಟಿಸುವ ಹಕ್ಕನ್ನು 14ನೇ ಸೆಕ್ಷನ್ ಮೂಲ ಹಕ್ಕುದಾರರಿಗೆ ಕೊಟ್ಟಿದೆ. ಶೇಕಡಾ 30 ಬದಲಾಯಿಸಿದರೆ ಸಾಕು ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ ಅಲ್ವಾ? ಅಂಥ ನಿಯಮ ಕಾನೂನಿನಲ್ಲಿ ಎಲ್ಲೂ ಇಲ್ಲ. ಹೆಸರು ಬದಲಾಯಿಸಿದರೂ ಆಗುವುದಿಲ್ಲ ಎನ್ನುವುದಕ್ಕೆ ವಕೀಲರು ದೆಹಲಿ ಹೈಕೋರ್ಟಿನ ಒಂದು ಹಳೇ ಪ್ರಕರಣ ಹೇಳಿದರು. ನಾಗರಾಜ್ ಎಂಬ ಹಿಂದಿ ಕಾಮಿಕ್ಸ್ ನಾಯಕನನ್ನು ಹೋಲುವ ನಾಗೇಶ್ ಎಂಬ ಪಾತ್ರವನ್ನು ಇನ್ನೊಬ್ಬ ಪ್ರಕಾಶಕರು ತಂದಿದ್ದರು. ಅದೇ ಹಸಿರು ಮೈ, ಹಾವಿನದೇ ಶಕ್ತಿ. ಕೋರ್ಟು ತಡೆಯಾಜ್ಞೆ ಕೊಟ್ಟಿತು. ನನ್ನ ನೀಲಿ ಕೂದಲ ಹುಡುಗ ನೆನಪಾಗಿ ನಾನು ತಲೆ ತಗ್ಗಿಸಿದೆ.

"ಮೂಲದವರಿಗೆ ಕ್ರೆಡಿಟ್ ಕೊಟ್ಟಿದ್ದೇನೆ" ಎಂಬುದೂ ನಿಲ್ಲುವುದಿಲ್ಲ. ಕಾಯ್ದೆಯ 52ನೇ ಸೆಕ್ಷನ್ ಸ್ವಂತ ಬಳಕೆ, ವಿಮರ್ಶೆ, ಸುದ್ದಿ ವರದಿ ಇಂಥವಕ್ಕೆ ವಿನಾಯಿತಿ ಕೊಡುತ್ತದೆ. ಮನೆ ಗೋಡೆಗೆ ಬರೆದು ಅಂಟಿಸಿಕೊಳ್ಳಿ, ಯಾರೂ ಕೇಳುವುದಿಲ್ಲ. ಕೀಚೈನ್ ಮಾಡಿ 150 ರೂಪಾಯಿಗೆ ಮಾರಿದರೆ ಅದು ಇದರೊಳಗೆ ಬರುವುದಿಲ್ಲ. ಜಪಾನಿನಲ್ಲೇ ಮಾರುತ್ತಾರಲ್ಲ ಎನ್ನುವವರಿಗೆ: ಹೌದು, 1975ರಿಂದ ನಡೆಯುತ್ತಿರುವ ಕಾಮಿಕ್ ಮಾರ್ಕೆಟ್ ಎಂಬ ಮೇಳದಲ್ಲಿ ಅಭಿಮಾನಿಗಳು ತಾವೇ ಬರೆದ ಪುಸ್ತಕಗಳನ್ನು ಮಾರುತ್ತಾರೆ. ಅಲ್ಲಿನ ಹಕ್ಕುದಾರರು ಬಹುಪಾಲು ಸುಮ್ಮನಿರುತ್ತಾರೆ ಅಷ್ಟೇ, ಅದನ್ನು ನಿಮಗೆ ಕೊಟ್ಟ ಅನುಮತಿ ಎಂದುಕೊಳ್ಳಬೇಡಿ. ನಾನು ಬರೆದ ಪಾತ್ರವೂ ಜಪಾನಿನದೇ ಆಗಿತ್ತು.

ನಮ್ಮೂರಿನವರದ್ದಾದರೆ ಪರವಾಗಿಲ್ಲ ಎಂದುಕೊಳ್ಳುವವರೂ ಇದ್ದಾರೆ. ನನ್ನ ಗೆಳತಿ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನನ್ನು ಟೀ ಕಪ್ ಮೇಲೆ ಹಾಕಿಸಲು ಹೊರಟಿದ್ದಳು, ಮೈಸೂರಿನವರೇ ತಾನೇ ಎಂದು. ನಮ್ಮಲ್ಲಿ ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಲಕ್ಷ್ಮಣ್ ತೀರಿಕೊಂಡಿದ್ದು 2015ರಲ್ಲಿ. ಲೆಕ್ಕ ಹಾಕಿದರೆ 2075ರ ಕೊನೆ. ಅವಳು ನಿಲ್ಲಿಸಿದಳು. ರಾಜಾ ರವಿವರ್ಮ 1906ರಲ್ಲೇ ಹೋದವರು, ಅವರ ಚಿತ್ರಗಳನ್ನು ಧೈರ್ಯವಾಗಿ ಬಳಸಬಹುದು. ಮಿಕ್ಕಿ ಮೌಸ್ ಈಗ ಫ್ರೀ ಎಂದೂ ಕೇಳಿರುತ್ತೀರಿ. 2024ರ ಜನವರಿ 1ಕ್ಕೆ ಅಮೆರಿಕದಲ್ಲಿ ಹಕ್ಕು ಮುಗಿದಿದ್ದು 1928ರ ಕಪ್ಪುಬಿಳುಪು ಮಿಕ್ಕಿಗೆ. ಈಗ ಟಿವಿಯಲ್ಲಿ ಕಾಣುವ ಬಣ್ಣದ ಮಿಕ್ಕಿ ಅದರಲ್ಲಿ ಸೇರಿಲ್ಲ, ಅದರ ಮೇಲೆ ಕಂಪನಿಯ ಗುರುತಿನ ಹಕ್ಕಾದ ಟ್ರೇಡ್‌ಮಾರ್ಕ್ ಕೂಡ ಇದೆ.

ಕೆಲವು ಗೇಮ್ ಕಂಪನಿಗಳು ಅಭಿಮಾನಿಗಳು ಸಣ್ಣ ಮಟ್ಟದಲ್ಲಿ ಮಾರಬಹುದು ಎಂದು ತಾವೇ ನಿಯಮ ಪ್ರಕಟಿಸಿವೆ. ಅಂಥದ್ದಿದ್ದರೆ ಪೂರ್ತಿ ಓದಿ, ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮೇಳದ ಸ್ಟಾಲ್ ಫಾರಂ ಕೂಡ ಓದಿ. ನಾನು ಸಹಿ ಹಾಕಿದ್ದರಲ್ಲಿ ಕಾನೂನಿನ ಹೊಣೆಯೆಲ್ಲ ಮಾರುವವರದೇ ಎಂದು ಸ್ಪಷ್ಟವಾಗಿ ಇತ್ತು. ದೂರಿನ ಮೇಲ್ ಬಂತೋ, ಅವತ್ತೇ ಆ ಪಾತ್ರದ ಎಲ್ಲ ಡಿಸೈನ್ ತೆಗೆಯಿರಿ. ದಯವಿಟ್ಟು ಮತ್ತೆ ಏರಿಸಬೇಡಿ.

ನನ್ನದು ಕೊನೆಗೆ ರಾಜಿಯಲ್ಲಿ ಮುಗಿಯಿತು. ಇನ್ನು ಮಾಡುವುದಿಲ್ಲ ಎಂದು ಛಾಪಾ ಕಾಗದದಲ್ಲಿ ಬರೆದುಕೊಟ್ಟೆ, ಮಾರಾಟದ ಲೆಕ್ಕ ಕೊಟ್ಟೆ, 25,000 ರೂಪಾಯಿ ಕಟ್ಟಿದೆ. ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಬೇರೆ. ಅಂಗಡಿಯಲ್ಲಿದ್ದ 61 ಡಿಸೈನ್‌ಗಳಲ್ಲಿ ಆ ಹುಡುಗನವು ಒಂಬತ್ತು ಮಾತ್ರ. ಮಿಕ್ಕ 52 ನನ್ನವು. ಬೆಕ್ಕು, ಗೊಂಬೆ, ಆನೆಮರಿ, ಮೂರು ವರ್ಷದಲ್ಲಿ ಜನ ಬರೆದ ಒಳ್ಳೆಯ ಮಾತು, ಗಿರಾಕಿಗಳ ಹೆಸರು ವಿಳಾಸ, ಎಲ್ಲವೂ ಒಂದೇ ದಿನ ಹೋಯಿತು. ನ್ಯೂಜೆರ್ಸಿಯಲ್ಲಿರುವ ಕನ್ನಡದವರೊಬ್ಬರು ಪ್ರತಿ ದಸರಾಕ್ಕೆ ಮಕ್ಕಳಿಗೆಂದು ಗೊಂಬೆ ಸ್ಟಿಕ್ಕರ್ ತರಿಸಿಕೊಳ್ಳುತ್ತಿದ್ದರು. ಅಂಗಡಿ ಮುಚ್ಚಿದಾಗ ಅವರ ಆರ್ಡರ್ ಪ್ಯಾಕ್ ಆಗಿತ್ತು, ವಿಳಾಸ ಅಂಟಿಸಿರಲಿಲ್ಲ.

ಅಕ್ಕ, ಇದು ನಿಮ್ಮ ಕಣ್ಣಿಗೆ ಬಿದ್ದರೆ ಒಂದು ಮೆಸೇಜ್ ಹಾಕಿ. ಪಟ್ಟದ ಗೊಂಬೆ ಎರಡು ಸೆಟ್, ಆನೆಮರಿ ಒಂದು. ಕವರ್ ನನ್ನ ಟೇಬಲ್ ಮೇಲೆ ಹಾಗೇ ಇದೆ.