ಕುವೆಂಪುನಗರದ ಕ್ರೋಶಾ ಕ್ಲಾಸು: ಎಡಗೈಯವರೂ ಧೈರ್ಯವಾಗಿ ಸೇರಬಹುದು

ನಂದು ಎಡಗೈ. ಕ್ರೋಶಾ, ಅಂದರೆ ಕೊಕ್ಕೆ ಇರುವ ಕಡ್ಡಿಯಿಂದ ದಾರ ಹೆಣೆಯೋದು, ಕಲಿಸ್ತೀರಾ ಅಂತ ಕೇಳಿದ ಕಡೆಯೆಲ್ಲ "ಕಡ್ಡಿ ಬಲಗೈಯಲ್ಲಿ ಹಿಡಿಯೋದು ರೂಢಿ ಮಾಡ್ಕೊಳ್ಳಿ" ಅನ್ನುತ್ತಿದ್ದರು. ಮೈಸೂರಿನ ಕುವೆಂಪುನಗರದಲ್ಲಿ ಮನೆಯಲ್ಲೇ ಕ್ಲಾಸು ನಡೆಸುವ ಈ ಮೇಡಂ ಹಾಗೆ ಹೇಳಲಿಲ್ಲ. ನನ್ನನ್ನು ಪಕ್ಕದಿಂದ ಎಬ್ಬಿಸಿ ಎದುರಿಗೆ ಕೂರಿಸಿದರು. "ನನ್ನ ಬಲಗೈ ಮಾಡಿದ್ದನ್ನೇ ನಿಮ್ಮ ಎಡಗೈ ಮಾಡಲಿ, ಕನ್ನಡಿ ನೋಡಿದ ಹಾಗೆ" ಅಂದರು. ಎಡಗೈಗೆ ಬೇರೆ ಕಡ್ಡಿಯೂ ಬೇಡ. ಕತ್ತರಿ ಮಾತ್ರ ನಿಮ್ಮದೇ ತನ್ನಿ, ಅಲ್ಲಿರುವುದು ಬಲಗೈಯದು.

ಬೇಕಾಗುವ ಸಾಮಾನು ಕಡಿಮೆ. 4 ಮಿ.ಮೀ. ಅಲ್ಯೂಮಿನಿಯಂ ಕಡ್ಡಿ, ತಿಳಿ ಬಣ್ಣದ ನಯವಾದ ಅಕ್ರಿಲಿಕ್ ದಾರ. ಕಪ್ಪು ದಾರ, ಜುಂಗು ಜುಂಗಾದ ದಾರ ತಂದರೆ ಮೇಡಂ ಎತ್ತಿಡುತ್ತಾರೆ, ಯಾಕೆಂದರೆ ಅದರಲ್ಲಿ ಹೊಲಿಗೆ ಕಾಣುವುದೇ ಇಲ್ಲ. ಆನ್‌ಲೈನಿನಲ್ಲಿ ತರಿಸಿದ್ದ ಒಂದು ಕಿಟ್ ನನ್ನ ಹತ್ತಿರ ಇತ್ತು. ಬಣ್ಣ ಜಾಸ್ತಿ, ದಾರ ತೀರಾ ಸಣ್ಣ. ಜೊತೆಗಿದ್ದ ಕಾಗದದಲ್ಲಿ ಹೊಲಿಗೆಗಳ ಅಮೆರಿಕದ ಹೆಸರು, ಬ್ರಿಟನ್ನಿನ ಹೆಸರು ಎರಡೂ ಕಲಸಿಹೋಗಿದ್ದವು. ಅಮೆರಿಕದವರ ಸಿಂಗಲ್ ಹೊಲಿಗೆಯೇ ಬ್ರಿಟನ್ನಿನವರಿಗೆ ಡಬಲ್, ಹಾಗಾಗಿ ಒಂದೇ ಸಾಲನ್ನು ಎರಡು ಥರ ಓದಬಹುದು. ಕ್ಲಾಸಿನಲ್ಲಿ ಅಮೆರಿಕದ ಹೆಸರನ್ನೇ ಬಳಸುತ್ತಾರೆ, ಮೊದಲೇ ಹೇಳುತ್ತಾರೆ.

ಚೈನ್, ಅಂದರೆ ಕುಣಿಕೆಯೊಳಗಿಂದ ಕುಣಿಕೆ ಎಳೆದು ಮಾಡುವ ಸರಪಳಿ, ಕೈಗೆ ಹತ್ತಿದ ಮೇಲೆ ಅವರು ಕಲಿಸುವ ರೀತಿ ನನಗೆ ತುಂಬಾ ಹಿಡಿಸಿತು. ಸಿಂಗಲ್, ಹಾಫ್ ಡಬಲ್, ಡಬಲ್, ಟ್ರೆಬಲ್ ಇವನ್ನು ಬೇರೆ ಬೇರೆ ಪಾಠವಾಗಿ ಮಾಡುವುದಿಲ್ಲ. ಕಡ್ಡಿ ಚುಚ್ಚುವ ಮೊದಲು ದಾರ ಎಷ್ಟು ಸುತ್ತು ಸುತ್ತುತ್ತೀರಿ ಅನ್ನುವುದರ ಮೇಲೆ ಎತ್ತರ ಬರುತ್ತದೆ. ಸಿಂಗಲ್‌ಗೆ ಸುತ್ತಿಲ್ಲ, ಡಬಲ್‌ಗೆ ಒಂದು, ಟ್ರೆಬಲ್‌ಗೆ ಎರಡು. ಆಮೇಲೆ ಕುಣಿಕೆಗಳನ್ನು ಎರಡೆರಡಾಗಿ ಇಳಿಸುತ್ತಾ ಬರಬೇಕು. ಹಾಫ್ ಡಬಲ್‌ಗೂ ಸುತ್ತು ಒಂದೇ, ಆದರೆ ಮೂರು ಕುಣಿಕೆಯನ್ನೂ ಒಟ್ಟಿಗೇ ಎಳೆದುಬಿಡುತ್ತೀರಿ, ಅದಕ್ಕೇ ಅದು ಗಿಡ್ಡ. ಸಾಲು ತಿರುಗಿಸುವಾಗ ಕ್ರಮವಾಗಿ 1, 2, 3, 4 ಚೈನ್ ಯಾಕೆ ಅನ್ನುವುದು ಆಗ ತಾನಾಗೇ ಹೊಳೆಯುತ್ತದೆ. ಆ ಚೈನ್ ಹೊಸ ಸಾಲಿನ ಎತ್ತರಕ್ಕೆ ಏರಬೇಕಲ್ವಾ?

ಡಬಲ್ ಸಾಲಿನ ಕೊನೆಗೆ ಗುರುತಿಗೆ ಒಂದು ಪಿನ್ನು ಹಾಕಿಸುತ್ತಾರೆ. ಹಿಂದಿನ ಸಾಲು ಶುರು ಮಾಡಿದ 3 ಚೈನ್ ಇದೆಯಲ್ಲ, ಅದರ ತುದಿಗೇ ಕೊನೆಯ ಹೊಲಿಗೆ ಬೀಳಬೇಕು. ಅದು ತಪ್ಪಿದರೆ ಬಟ್ಟೆ ಸಾಲು ಸಾಲಿಗೂ ಕಿರಿದಾಗಿ ತ್ರಿಕೋನವಾಗುತ್ತದೆ. ತಪ್ಪಿದರೂ ಬಿಚ್ಚಲು ಭಯಪಡಬೇಕಿಲ್ಲ. ಕ್ರೋಶಾದಲ್ಲಿ ಕಡ್ಡಿಯ ಮೇಲೆ ಉಳಿಯುವುದು ಒಂದೇ ಕುಣಿಕೆ, ಬಿಚ್ಚಿದ ಮೇಲೆ ಅದೊಂದನ್ನೇ ಮತ್ತೆ ಹಿಡಿದರೆ ಸಾಕು.

ಮುಂದಿನದೆಲ್ಲ ಈ ಹೊಲಿಗೆಗಳ ಮೇಲೇ ಆಟ. ಪ್ರತಿ ಹೊಲಿಗೆಯ ತಲೆಯಲ್ಲಿ ಎರಡು ಎಳೆ ಇರುತ್ತವೆ. ಹಿಂದಿನ ಎಳೆಗೆ ಮಾತ್ರ ಸಿಂಗಲ್ ಹಾಕುತ್ತಾ ಹೋದರೆ ಗೆರೆ ಗೆರೆಯಾಗಿ, ಹಿಗ್ಗುವ ಪಟ್ಟಿ ಬರುತ್ತದೆ. ಮಗುವಿನ ಕುಲಾವಿಯ ಅಂಚಿಗೆ ಅದೇ ಸರಿ. ತಲೆ ಬಿಟ್ಟು ಹೊಲಿಗೆಯ ಕಂಬಕ್ಕೇ ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ಕಡ್ಡಿ ಸುತ್ತಿಸಿ ಡಬಲ್ ಹಾಕಿದರೆ ಇನ್ನೂ ದಪ್ಪ ಏಣು. ಒಂದೇ ತೂತಿಗೆ 5 ಡಬಲ್ ಹಾಕಿದರೆ ಚಿಪ್ಪು. ಒಂದು ಸಿಂಗಲ್, ಒಂದು ಚೈನ್ ಹೀಗೆ ಹೋಗಿ, ಮುಂದಿನ ಸಾಲಿನಲ್ಲಿ ಸಿಂಗಲ್ಲನ್ನು ಆ ಚೈನಿನ ಸಂದಿಗೇ ಹಾಕಿದರೆ ಮಾಸ್ ಸ್ಟಿಚ್. ಎಲ್ಲವನ್ನೂ 20 ಹೊಲಿಗೆ ಅಗಲದ ಚೌಕಗಳಾಗಿ ಮಾಡಿಸುತ್ತಾರೆ. ಪಕ್ಕಪಕ್ಕ ಇಟ್ಟು ಮುಟ್ಟಿ ನೋಡಿದರೆ ಯಾವುದು ಶಾಲಿಗೆ, ಯಾವುದು ಚೀಲಕ್ಕೆ ಅಂತ ಬೆರಳಿಗೇ ಗೊತ್ತಾಗುತ್ತದೆ. ನನ್ನ ಚೀಲಕ್ಕೆ ಮಾಸ್ ಸ್ಟಿಚ್ಚನ್ನೇ ಆರಿಸಿದೆ.

ಕೊರತೆಯೂ ಇದೆ. ಬರೆದ ನೋಟ್ಸ್ ಕೊಡುವುದಿಲ್ಲ. ನಮೂನೆಯ ಚಿತ್ರ ನೋಡಿ ಹೊಲಿಗೆ ಹಾಕುವುದನ್ನು ತಡವಾಗಿ ಶುರು ಮಾಡುತ್ತಾರೆ. ಎಡಗೈಯವರಿಗೆ ಅದು ಮೊದಲೇ ಬೇಕು, ಯಾಕೆಂದರೆ ದುಂಡಗಿನ ನಮೂನೆ ಬಲಗೈಯವರಿಗೆ ಗಡಿಯಾರದ ಮುಳ್ಳಿನ ಎದುರು ಸುತ್ತುತ್ತದೆ, ನಮಗೆ ಮುಳ್ಳಿನ ಜೊತೆಗೆ. ಬೊಂಬೆ ಮಾಡಲೇಬೇಕು ಅಂತ ಬರುವವರಿಗೂ ಇದು ಸರಿಹೋಗದು, ಅದಕ್ಕೆ ಬೇಕಾದ ಮ್ಯಾಜಿಕ್ ರಿಂಗ್ (ದುಂಡಗೆ ಹೆಣೆಯಲು ಶುರುವಿಗೆ ಹಾಕುವ, ಎಳೆದರೆ ಬಿಗಿಯಾಗುವ ಕುಣಿಕೆ) ಈ ಕೋರ್ಸಿನಲ್ಲಿಲ್ಲ.

ಫೀಸು ತಿಂಗಳಿಗೆ 1,200 ರೂಪಾಯಿ, ದಾರ ನಮ್ಮದು. ಸೇರುವುದಾದರೆ ಬೆಳಗಿನ ಬ್ಯಾಚೇ ಕೇಳಿ. ಸಂಜೆ ಆ ಹಾಲಿನಲ್ಲಿ ಬೆಳಕು ಸಾಲದು.